ಸಭೆಯ ವಿಳಾಸ ಗುಟ್ಟಾಗಿರಬೇಕಿಲ್ಲ

ಮಾನ್ಯ ಸಂಪಾದಕರೇ,

ಕುಡಿತ ಬಿಡಬೇಕೆಂದು ಮನಸ್ಸು ಮಾಡಿದವರಿಗೆ ನಮ್ಮ ಅವಳಿ ಜಿಲ್ಲೆಗಳಲ್ಲಿ ವೈದ್ಯಕೀಯ ನೆರವು ದುರ್ಲಭವೇನಲ್ಲ. ಉಡುಪಿಯ ದೊಡ್ಡಣಗುಡ್ಡೆಯಲ್ಲಿರುವ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಮಂಗಳೂರಿನ ಕಂಕನಾಡಿಯ ಫಾದರ್ ಮುಲ್ಲರ್, ಸರಕಾರಿ ವೆನ್ಲಾಕ್ ಹೀಗೆ ಹಲವೆಡೆ ಮನೋವೈದ್ಯರಿದ್ದಾರೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳ ಬಗ್ಗೆ ಕೇಳದವರು ಕಡಿಮೆ. ಕೊರತೆ ಕಾಣಿಸುವುದು ಅದರ ನಂತರ. ಆಸ್ಪತ್ರೆಯಿಂದ ಮನೆಗೆ ಮರಳಿದ ವ್ಯಕ್ತಿ, ಸಂಜೆ ಕೆಲಸ ಮುಗಿದು ಕಾಲು ತಾನಾಗಿಯೇ ಹಳೆಯ ದಾರಿ ಹಿಡಿಯುವ ಹೊತ್ತಿಗೆ, ಎಲ್ಲಿ ಹೋಗಿ ಯಾರ ಜೊತೆ ಕುಳಿತುಕೊಳ್ಳಬೇಕು ಎಂಬುದನ್ನು ಹೇಳುವವರು ಸಿಗುವುದಿಲ್ಲ.

ನನ್ನ ಹತ್ತಿರದ ಸಂಬಂಧಿಯೊಬ್ಬರು ಚಿಕಿತ್ಸೆ ಮುಗಿಸಿ ಹೊರಬಂದಾಗ ಕೈಗೆ ಕೊಟ್ಟ ಹಾಳೆಯಲ್ಲಿ ಮಾತ್ರೆಗಳ ಹೆಸರು ಮತ್ತು ಮರುಭೇಟಿಯ ತಾರೀಖು ಬಿಟ್ಟರೆ ಬೇರೇನೂ ಇರಲಿಲ್ಲ. ಕುಡಿತ ಬಿಟ್ಟವರೂ ಬಿಡಬಯಸುವವರೂ ಒಟ್ಟಿಗೆ ಕುಳಿತು ಅನುಭವ ಹಂಚಿಕೊಳ್ಳುವ ಆಲ್ಕೊಹಾಲಿಕ್ಸ್ ಅನಾನಿಮಸ್ ಗುಂಪಿನ ಸಭೆ ನಮಗೆ ದೂರವಲ್ಲದ ಊರಿನಲ್ಲೇ ವಾರವಾರ ನಡೆಯುತ್ತದೆಂದು ಕೊನೆಗೆ ತಿಳಿಸಿದವರು ಒಬ್ಬ ಬಸ್ ನಿರ್ವಾಹಕರು. ಅವರೂ ಒಂದು ಕಾಲದಲ್ಲಿ ಕುಡಿಯುತ್ತಿದ್ದವರು. ಇಂಥವರ ಪರಿಚಯ ಇಲ್ಲದವರು ಏನು ಮಾಡಬೇಕು?

ಜನರ ಬಾಯಲ್ಲಿ ‘ಎಎ’ ಎಂದಾಗಿರುವ ಈ ಕೂಟ ಆರಂಭವಾದದ್ದು 1935ರಲ್ಲಿ, ಅಮೆರಿಕದ ಆಕ್ರನ್ ನಗರದಲ್ಲಿ, ಇಬ್ಬರು ಕುಡುಕರ ಭೇಟಿಯಿಂದ. ಅವರಲ್ಲೊಬ್ಬರು ಷೇರುಪೇಟೆಯವರು, ಇನ್ನೊಬ್ಬರು ಶಸ್ತ್ರಚಿಕಿತ್ಸಕರು. ಸೇರಲು ಶುಲ್ಕವಿಲ್ಲ, ಕುಡಿತ ನಿಲ್ಲಿಸಬೇಕೆಂಬ ಇಚ್ಛೆಯೊಂದಿದ್ದರೆ ಸಾಕು. ಖರ್ಚನ್ನು ಸದಸ್ಯರೇ ನೋಡಿಕೊಳ್ಳುತ್ತಾರೆ, ಹೊರಗಿನವರ ದೇಣಿಗೆಯನ್ನು ಪಡೆಯುವುದಿಲ್ಲ. ಸಭೆಯ ಸ್ಥಳ ಚರ್ಚಿನ ಸಭಾಂಗಣವೇ ಆಗಿದ್ದರೂ ಕೂಟ ಯಾವ ಧರ್ಮಕ್ಕೂ ಸೇರಿದ್ದಲ್ಲ ಎಂಬುದನ್ನು ನಮ್ಮ ಕರಾವಳಿಯಲ್ಲಿ ಎರಡು ಬಾರಿ ಹೇಳಬೇಕಾಗುತ್ತದೆ, ಏಕೆಂದರೆ ಆ ಒಂದು ಅನುಮಾನದಿಂದಲೇ ಗೇಟಿನ ತನಕ ಹೋಗಿ ಮರಳುವವರಿದ್ದಾರೆ. ಕುಟುಂಬದವರಿಗಾಗಿ ಅಲ್-ಅನಾನ್ ಎಂಬ ಬೇರೆಯೇ ಕೂಟವಿದೆ. ಕುಡಿಯುವವನು ಬಿಟ್ಟರೂ ಬಿಡದಿದ್ದರೂ ಹೆಂಡತಿಯೋ ತಾಯಿಯೋ ಅಲ್ಲಿಗೆ ಹೋಗಬಹುದು. ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿಗಳಿವೆ. ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದದಿರಬಹುದು, ಆದ್ದರಿಂದ ಎಲ್ಲವೂ ಕಣ್ಣಿಗೆ ಬೀಳುವಂತಿರುವುದು ಒಳ್ಳೆಯದು.

ಹೆಸರು ಬಯಲಾಗಬಾರದೆಂಬ ಎಎ ನಿಯಮವನ್ನು ಗೌರವಿಸಿಯೇ ಈ ಮಾತು ಹೇಳುತ್ತಿದ್ದೇನೆ. ನಮ್ಮಂತಹ ಊರಿನಲ್ಲಿ, ಬಸ್ ನಿಲ್ದಾಣದಲ್ಲಿ ನಿಂತವನ ಮನೆತನವನ್ನು ನಾಲ್ಕು ಜನ ಹೇಳಬಲ್ಲ ಕಡೆ, ಆ ನಿಯಮವಿಲ್ಲದೆ ಯಾರೂ ಬಾಯಿ ಬಿಡಲಾರರು. ಆದರೆ ಅದು ರಕ್ಷಿಸುವುದು ಬರುವ ವ್ಯಕ್ತಿಯನ್ನೇ ಹೊರತು ಕೂಟದ ವಿಳಾಸವನ್ನಲ್ಲ. ವಾರ, ಗಂಟೆ, ಸ್ಥಳ, ತುಳು, ಕನ್ನಡ, ಕೊಂಕಣಿಗಳಲ್ಲಿ ಯಾವ ಭಾಷೆಯಲ್ಲಿ ಮಾತುಕತೆ, ಹೊರಗಿನವರಿಗೂ ಪ್ರವೇಶವಿರುವ ಸಭೆಯೋ ಅಲ್ಲವೋ, ಇಷ್ಟನ್ನು ಅಚ್ಚು ಹಾಕಿದರೆ ಯಾರ ಗುಟ್ಟೂ ರಟ್ಟಾಗುವುದಿಲ್ಲ.

ಯಾವ ಯಕ್ಷಗಾನ ಮೇಳದ ಆಟ ಇಂದು ಎಲ್ಲಿ ಎಂಬುದನ್ನು ಕರಾವಳಿಯ ಪತ್ರಿಕೆಗಳು ತಪ್ಪದೆ ಪ್ರಕಟಿಸುತ್ತವೆ. ಅದೇ ಪುಟದಲ್ಲಿ ವಾರಕ್ಕೊಮ್ಮೆ ಈ ಸಭೆಗಳ ಪಟ್ಟಿಗೆ ನಾಲ್ಕು ಬೆರಳಿನಷ್ಟು ಜಾಗ ಕೊಡಬೇಕೆಂದು ನನ್ನ ವಿನಂತಿ. (ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಯ ನಂತರವಂತೂ ಜಾಗದ ಅಡಚಣೆ ಇರಲಾರದು.) ಜೊತೆಗೆ, ಸರಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನೂ ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಬಹುಕಾಲದಿಂದ ದಿನವೂ ಹೆಚ್ಚು ಕುಡಿಯುತ್ತಿದ್ದವರು ಹರಕೆ ಹೊತ್ತವರಂತೆ ಒಮ್ಮೆಲೇ ನಿಲ್ಲಿಸಿದರೆ, ಮೊದಲೆರಡು ದಿನಗಳಲ್ಲಿ ಅಪಸ್ಮಾರದಂಥ ಸೆಳವು, ಎರಡರಿಂದ ನಾಲ್ಕು ದಿನಗಳೊಳಗೆ ಭ್ರಮೆ ಮತ್ತು ಕಂಪನ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಅಂಥವರು ಮೊದಲು ವೈದ್ಯರನ್ನು ಕಾಣಬೇಕು. ಗುಂಪಿನ ಸಭೆ ವೈದ್ಯರ ಚಿಕಿತ್ಸೆಗೆ ಬದಲಿಯಲ್ಲ.

‘ಅವರಿಗೆ ತಿಳಿಯದಂತೆ ಕುಡಿತ ಬಿಡಿಸಿ’ ಎಂಬ ಕಿರು ಜಾಹೀರಾತುಗಳು ವಿಳಾಸ, ಫೋನ್ ಸಂಖ್ಯೆಗಳ ಸಮೇತ ಪತ್ರಿಕೆಗಳಲ್ಲಿ ಧಾರಾಳವಾಗಿ ಬರುತ್ತಿರುವುದನ್ನೂ ಇಲ್ಲಿ ಹೇಳಲೇಬೇಕು. ಚಹಾದಲ್ಲೋ ಸಾಂಬಾರಿನಲ್ಲೋ ಬೆರೆಸುವ ಪುಡಿಯಲ್ಲಿ ಏನಿದೆಯೆಂದು ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಅದರಲ್ಲಿ ಡೈಸಲ್ಫಿರಾಮ್‌ನಂಥ ಔಷಧ ಇದ್ದು, ತಿಳಿಯದೆ ಸೇವಿಸಿದಾತ ಅದರ ಮೇಲೆ ಕುಡಿದರೆ, ರಕ್ತದೊತ್ತಡ ಕುಸಿದು ಆಸ್ಪತ್ರೆ ಸೇರಬೇಕಾದೀತು. ಹಣ ಕೊಟ್ಟವರ ವಿಳಾಸಕ್ಕೆ ಪುಟದಲ್ಲಿ ಜಾಗವಿದೆ, ಹಣ ಕೇಳದವರ ವಿಳಾಸಕ್ಕೆ ಇಲ್ಲ ಎಂಬ ಸ್ಥಿತಿ ನನಗೆ ಸರಿಕಾಣುವುದಿಲ್ಲ.

ಪಟ್ಟಿಯನ್ನು ಪ್ರಕಟಿಸುವುದಾದರೆ ತಿಂಗಳಿಗೊಮ್ಮೆಯಾದರೂ ಆಯಾ ಗುಂಪಿನವರನ್ನೇ ಕೇಳಿ ಸರಿಪಡಿಸುವ ವ್ಯವಸ್ಥೆ ಇರಲಿ. ಪರೀಕ್ಷೆಯ ಸಮಯದಲ್ಲಿ ಶಾಲೆಯ ಕೊಠಡಿ ಸಿಗದೆ ಸ್ಥಳ ಬದಲಾಗುವುದುಂಟು, ಹಬ್ಬಗಳಂದು ಸಮಯ ಬದಲಾಗುವುದುಂಟು. ಬಹಳ ದಿನ ಹಿಂಜರಿದು ಕೊನೆಗೊಮ್ಮೆ ಹೊರಟವನಿಗೆ ಬೀಗ ಹಾಕಿದ ಬಾಗಿಲು ಕಂಡರೆ ಆತ ಎರಡನೆಯ ಸಲ ಬರುವನೆಂಬ ಭರವಸೆಯಿಲ್ಲ.

ಇತಿ,
ಓದುಗರೊಬ್ಬರು, ಕಟಪಾಡಿ