ಹಸಿ ಕಸದ ಬಕೆಟ್ ಬಗ್ಗೆ ಒಂದೆರಡು ಮಾತು

ಪ್ರಿಯ ಪೋಷಕರೇ,

ನಮಸ್ಕಾರ. ಶಾಲೆಯ ಹಿಂದೆ ಮಕ್ಕಳು ಗೊಬ್ಬರದ ತೊಟ್ಟಿ ಶುರು ಮಾಡಿರುವುದು ನಿಮಗೆ ಗೊತ್ತೇ ಇದೆ. ಊಟದ ಡಬ್ಬಿಯಲ್ಲಿ ಉಳಿದದ್ದು, ಮನೆಯಿಂದ ತಂದ ಸಿಪ್ಪೆ ಎಲ್ಲ ಅದಕ್ಕೇ ಹೋಗುತ್ತದೆ. ಮೊನ್ನೆ ಗೊಬ್ಬರ ಜರಡಿ ಹಿಡಿದರು. ಜರಡಿಯಲ್ಲಿ ಏನು ಉಳಿಯಿತು ಅಂತೀರಿ? ಹಣ್ಣಿನ ಮೇಲಿನ ಪುಟ್ಟ ಸ್ಟಿಕ್ಕರ್‌ಗಳು, ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆಗಳು. ಸಿಪ್ಪೆ ಕೊಳೆತು ಮಣ್ಣಾಗಿತ್ತು, ಸ್ಟಿಕ್ಕರ್ ಮೇಲಿನ ಅಕ್ಷರ ಮಾತ್ರ ಹಾಗೇ ಓದಲು ಬರುತ್ತಿತ್ತು!

ಕಸ ಬೇರೆ ಮಾಡಿ ಅಂತ ನಾನು ನಿಮಗೆ ಪಾಠ ಹೇಳಬೇಕಾಗಿಲ್ಲ. ಬಹುತೇಕ ಎಲ್ಲರೂ ಮಾಡುತ್ತಿದ್ದೀರಿ. ಹಸಿ ಕಸದ ಜೊತೆ ಪ್ಲಾಸ್ಟಿಕ್ ಚೂರು ಹೋಗದ ಹಾಗೆ ನೋಡಿಕೊಂಡರೆ ಸಾಕು. ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ತುಂಡು ಮಾಡಬೇಡಿ, ಒಂದು ಕಡೆ ಅಂಟಿಕೊಂಡೇ ಇರಲಿ. ಹಣ್ಣು ತೊಳೆಯುವಾಗಲೇ ಸ್ಟಿಕ್ಕರ್ ಕಿತ್ತುಬಿಡಿ. ಹಸಿ ಕಸವನ್ನು ಕವರಿನಲ್ಲಿ ಗಂಟು ಕಟ್ಟಿ ಹಾಕಬೇಡಿ. ಮಣ್ಣಲ್ಲಿ ಕರಗುತ್ತದೆ ಅಂತ ಬರೆದಿರುವ ಕವರುಗಳೂ ಎಷ್ಟೋ ಸಲ ದೊಡ್ಡ ಗೊಬ್ಬರ ಘಟಕದ ಬಿಸಿ ಸಿಕ್ಕರೆ ಮಾತ್ರ ಕರಗುತ್ತವೆ, ಮನೆ ತೊಟ್ಟಿಯಲ್ಲಿ ಅಲ್ಲ. ಬಕೆಟ್ಟಿನ ತಳಕ್ಕೆ ಹಳೇ ಪೇಪರ್ ಹಾಸಿ.

ವಾಸನೆ ಬರುತ್ತೆ ಅಂತ ಕೆಲವರು ಹೇಳಿದ್ದೀರಿ. ಬರುತ್ತದೆ, ನಿಜ. ಅಡುಗೆಮನೆ ಕಸದಲ್ಲಿ ಹೆಚ್ಚಿನ ಪಾಲು ನೀರೇ. ನೀರು ನಿಂತರೆ ಗಾಳಿ ಆಡುವುದಿಲ್ಲ, ಗಾಳಿ ಇಲ್ಲದೆ ಕೊಳೆತರೆ ನಾರುತ್ತದೆ. ಹಾಗಾಗಿ ನೀರು ಬಸಿದು ಹಾಕಿ. ಮನೆಯಲ್ಲೇ ಗೊಬ್ಬರ ಮಾಡುವವರು ಪ್ರತಿ ಸಲವೂ ಮೇಲೆ ಒಣ ಎಲೆಯನ್ನೋ ಹರಿದ ರಟ್ಟನ್ನೋ ಹರಡಿ, ಆಗಾಗ ಕೆದಕಿ. ಒಂದು ಹಿಡಿ ತೆಗೆದು ಹಿಂಡಿ ನೋಡಿ, ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು. ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕಿದರೆ ಬೇಗ ಬೆರೆಯುತ್ತದೆ. ಮಾಂಸ, ಮೂಳೆ, ಎಣ್ಣೆ ಜಿಡ್ಡು ಬೇಡ, ಇಲಿ ಬರುತ್ತವೆ.

ಇಷ್ಟು ಸಣ್ಣ ವಿಷಯಕ್ಕೆ ಪತ್ರ ಯಾಕೆ ಅನ್ನಿಸಬಹುದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ಕಸಕ್ಕೆ ಹೋಯಿತು. ಅದರಲ್ಲಿ ಶೇ. 60ರಷ್ಟು ಮನೆಗಳದ್ದೇ. ಕಸದ ಗುಡ್ಡದಡಿ ಗಾಳಿಯಿಲ್ಲದೆ ಕೊಳೆತಾಗ ಮೀಥೇನ್ ಅನ್ನುವ ಅನಿಲ ಹುಟ್ಟುತ್ತದೆ. 100 ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜಾಸ್ತಿ ಬಿಸಿ ಹಿಡಿದಿಡುತ್ತದೆ.

ಮಕ್ಕಳು ಮನೆಯಲ್ಲಿ ಬಕೆಟ್ ತಪಾಸಣೆಗೆ ನಿಂತರೆ ಬೇಜಾರು ಮಾಡಿಕೊಳ್ಳಬೇಡಿ. ಶಾಲೆಯಲ್ಲಿ ನನ್ನ ಡಬ್ಬಿಯನ್ನೂ ಬಿಡುವುದಿಲ್ಲ.

ನಮ್ಮ ತೊಟ್ಟಿಗೆ ಒಣ ಎಲೆ ಸಾಲುತ್ತಿಲ್ಲ. ನಿಮ್ಮಲ್ಲಿದ್ದರೆ ಚೀಲದಲ್ಲಿ ಕೊಟ್ಟು ಕಳಿಸಿ. ಗೊಬ್ಬರ ಬೇಕಾದವರು ಆಫೀಸಿನಲ್ಲಿ ಹೆಸರು ಬರೆಸಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ