ಕಚೇರಿಯಾಗಿದ್ದಕ್ಕೇ ಉಳಿದ ಬಂಗಲೆ

ಸಂಪಾದಕರಿಗೆ ನಮಸ್ಕಾರ,

ಇಂಗ್ಲೆಂಡಿನ ಹಳೇ ಬಂಗಲೆಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ ಕಂಪನಿಯ ಕೈಗೆ ಹೋದ ಮೇಲೆ ಅಂಥ ಮನೆಗಳ ಕಥೆ ಮುಗಿದಂತೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ವಿಂಚೆಸ್ಟರ್ ಹತ್ತಿರದ ಹರ್ಸ್ಲಿ ಹೌಸ್ ನೋಡಿ. ಬೆಂಗಳೂರಿನ ಐಟಿಯವರಲ್ಲಿ ಕೆಲವರಿಗಾದರೂ ಈ ಹೆಸರು ಗೊತ್ತಿರುತ್ತೆ. ಬ್ಯಾಂಕುಗಳ ದೊಡ್ಡ ಕಂಪ್ಯೂಟರುಗಳಲ್ಲಿ ಓಡುವ ಸಿಐಸಿಎಸ್ ಸಾಫ್ಟ್‌ವೇರ್ ಬೆಳೆದದ್ದು ಅಲ್ಲಿನ ಐಬಿಎಂ ಲ್ಯಾಬಿನಲ್ಲಿ.

ಸರ್ ವಿಲಿಯಂ ಹೀತ್‌ಕೋಟ್ ಈ ಮನೆ ಕಟ್ಟಿಸಿದ್ದು 1720ರ ದಶಕದಲ್ಲಿ. ಕೆಂಪು ಇಟ್ಟಿಗೆಯ ಗೋಡೆ, ಅಂಚಿಗೆಲ್ಲ ಕಲ್ಲು, ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ ಕಿಟಕಿ. ಆಡಂಬರ ಕಡಿಮೆ. 1902ರಲ್ಲಿ ಇದನ್ನು ಕೊಂಡ ಜಾರ್ಜ್ ಕೂಪರ್, ಹೆಂಡತಿಗೆ ಅಮೆರಿಕದಿಂದ ಬಂದ ಆಸ್ತಿಯ ಬಲದಲ್ಲಿ ಮನೆಯನ್ನು ಎರಡೂ ಕಡೆ ಹಿಗ್ಗಿಸಿದರು. ಒಳಗೆ ಸಿಂಗಾರವೂ ಜಾಸ್ತಿಯಾಯಿತು. ವಿಂಚೆಸ್ಟರ್ ಕಾಲೇಜಿನ ಪ್ರಾರ್ಥನಾ ಮಂದಿರದಿಂದ ಕಿತ್ತಿದ್ದ 17ನೇ ಶತಮಾನದ ಓಕ್ ಮರದ ಕೆತ್ತನೆ ಹಲಗೆಗಳು ಇಲ್ಲಿಗೆ ಬಂದವು.

1940ರ ಸೆಪ್ಟೆಂಬರಿನಲ್ಲಿ ಸೌತಾಂಪ್ಟನ್ನಿನ ಸೂಪರ್‌ಮರೀನ್ ವಿಮಾನ ಕಾರ್ಖಾನೆಯ ಮೇಲೆ ಬಾಂಬು ಬಿತ್ತು. ಸ್ಪಿಟ್‌ಫೈರ್ ಯುದ್ಧವಿಮಾನದ ವಿನ್ಯಾಸ ಮಾಡುತ್ತಿದ್ದವರು ಹರ್ಸ್ಲಿಗೆ ಬಂದರು. ಕುಣಿಯಲೆಂದು ಇದ್ದ ಬಾಲ್‌ರೂಮಿನಲ್ಲಿ ನಕ್ಷೆಯ ಮೇಜುಗಳು ಸಾಲುಗಟ್ಟಿದವು. ಮನೆಯೊಡತಿ ಲೇಡಿ ಕೂಪರ್ ಸ್ವಲ್ಪ ಕಾಲ ಅದೇ ಮನೆಯಲ್ಲಿದ್ದರು. ಆ ಸಂಸಾರ ಹೇಗೆ ನಡೆಯಿತೋ! 1958ರಲ್ಲಿ ಐಬಿಎಂ ಬಂತು, 1963ರಲ್ಲಿ ಕೊಂಡೇಬಿಟ್ಟಿತು. ಓಕ್ ಹಲಗೆಗಳು ಮಾತ್ರ ಕಾಲೇಜಿಗೇ ವಾಪಸ್ ಹೋದವು. ಅವುಗಳಿಗಾಗಿಯೇ ಅಲ್ಲಿ ಹೊಸ ಸಭಾಂಗಣ ಕಟ್ಟಿದರು.

ಇದೇ ಕಾಲದಲ್ಲಿ ತೆರಿಗೆ, ರಿಪೇರಿ ಖರ್ಚು ತಾಳಲಾರದೆ ಇಂಗ್ಲೆಂಡಿನಲ್ಲಿ ನೂರಾರು ಬಂಗಲೆಗಳು ನೆಲಸಮವಾದವು. ಹರ್ಸ್ಲಿ ಉಳಿಯಿತು. ಸೂರು ಸೋರಿದರೆ ಸರಿಮಾಡಿಸುವ ಒಡೆಯ ಇದ್ದ, ಅಷ್ಟೇ. ಇನ್ನೊಂದು ಜಾಣತನವೂ ಇದೆ. ನೂರಾರು ಎಂಜಿನಿಯರುಗಳನ್ನು, ಯಂತ್ರ-ಕೇಬಲ್ಲುಗಳನ್ನು ಹಳೇ ಕೋಣೆಗಳಿಗೆ ತುರುಕಲಿಲ್ಲ. ಅದಕ್ಕೆಲ್ಲ ತೋಟದಲ್ಲಿ ಬೇರೆ ಕಟ್ಟಡಗಳೆದ್ದವು. ಅವು ಚೆಂದವೇನೂ ಇಲ್ಲ, ಸುಮ್ನೆ ಪೆಟ್ಟಿಗೆ ಜೋಡಿಸಿಟ್ಟ ಹಾಗಿವೆ. ಆದರೆ ಅವುಗಳಿಂದಾಗಿ ಮನೆಯ ಮೈಗೆ ಪೆಟ್ಟು ಬೀಳಲಿಲ್ಲ. ಈಗ ಮನೆಗೆ ಅಲ್ಲಿನ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಗ್ರೇಡ್ 2 ಸ್ಟಾರ್ ದರ್ಜೆಯ ರಕ್ಷಣೆಯೂ ಇದೆ. ಅನುಮತಿ ಇಲ್ಲದೆ ಅದರ ಸ್ವರೂಪ ಕೆಡಿಸುವ ಹಾಗಿಲ್ಲ.

ಕೊರತೆ ಒಂದಿದೆ. ಇದು ಕೆಲಸದ ಜಾಗ. ಟಿಕೆಟ್ ತಗೊಂಡು ನೋಡುವ ಬಂಗಲೆಗಳಂತೆ ಯಾರು ಬೇಕಾದರೂ ಒಳಗೆ ಹೋಗಲಾಗದು. ಆ ದೂರು ನ್ಯಾಯವಾದದ್ದೇ. ಆದರೆ ಬಾಗಿಲು ಹಾಕಿರುವುದು ಬೇರೆ, ಮನೆ ಹಾಳಾಗುವುದು ಬೇರೆ ಅಲ್ವಾ? ನಿಮ್ಮ ಲೇಖಕರು ಮುಂದಿನ ಕಂತಿನಲ್ಲಿ ಇಂಥ ಒಂದೆರಡು ಬಂಗಲೆಗಳಿಗೂ ಜಾಗ ಕೊಡಲಿ.

ಇಂತಿ,
ನಿಮ್ಮ ಓದುಗ, ಬೆಂಗಳೂರು