ವಿಟಮಿನ್ ಗುಳಿಗೆಗಿಂತ ಮೊದಲು ಪರೀಕ್ಷೆಯಾಗಲಿ

ಮಾನ್ಯ ಸಂಪಾದಕರೇ,

ಪುರುಷರ ಲೈಂಗಿಕ ದೌರ್ಬಲ್ಯಕ್ಕೆಲ್ಲ ವಿಟಮಿನ್ ಕೊರತೆಯೇ ಮೂಲವೆಂಬ ನಂಬಿಕೆ ನಮ್ಮ ಸಕಲೇಶಪುರ, ಮೂಡಿಗೆರೆ ಕಡೆ ಬೆಳೆಯುತ್ತಿದ್ದು, ವೈದ್ಯರೆದುರು ಬಾಯಿಬಿಡಲು ನಾಚುವವರು ನೇರವಾಗಿ ಔಷಧ ಅಂಗಡಿಗೆ ಹೋಗಿ ಗುಳಿಗೆ ಕೊಳ್ಳುತ್ತಿದ್ದಾರೆ. ಸರ್ಕಾರಿ ಆಸ್ಪತ್ರೆಯ ಫಾರ್ಮಸಿಯಲ್ಲಿ ದುಡಿದು ನಿವೃತ್ತನಾದ ನನಗೆ ಇದು ಆತಂಕ ತಂದಿದೆ.

ಈ ನಂಬಿಕೆ ಪೂರ್ತಿ ನಿರಾಧಾರವೇನಲ್ಲ. ನಿಮಿರುವಿಕೆಯ ತೊಂದರೆಯಿರುವವರಲ್ಲಿ ವಿಟಮಿನ್ ಡಿ ಕಡಿಮೆಯಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಇವೆರಡೂ ಹೆಚ್ಚು. ಒಟ್ಟಿಗೆ ಕಂಡ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ಬಂತೆನ್ನಲಾಗದು. ಅಮೆರಿಕದಲ್ಲಿ 2,370 ದಂಪತಿಗಳನ್ನು ಒಳಗೊಂಡು ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಗಂಡಸರಿಗೆ ಆರು ತಿಂಗಳು ಫೋಲಿಕ್ ಆಮ್ಲ ಮತ್ತು ಸತುವಿನ ಗುಳಿಗೆ ಕೊಟ್ಟರೂ ವೀರ್ಯದ ಗುಣಮಟ್ಟವಾಗಲಿ, ಮಕ್ಕಳಾಗುವ ಪ್ರಮಾಣವಾಗಲಿ ಹೆಚ್ಚಲಿಲ್ಲ.

ಬಿ12 ವಿಷಯ ಬೇರೆ. ಸಕ್ಕರೆ ಕಾಯಿಲೆಗೆಂದು ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ, ಬಿ12 ಕುಸಿಯುವ ಸಂಭವ ಹೆಚ್ಚು. ಈ ಕೊರತೆಯಿಂದ ನರಗಳು ಹಾಳಾಗುತ್ತವೆ; ಸಕ್ಕರೆ ಕಾಯಿಲೆಯೂ ಅವನ್ನೇ ಹಾಳುಮಾಡುವುದರಿಂದ ಪೆಟ್ಟು ಇಮ್ಮಡಿ. ಇಂಥವರು ತಮ್ಮ ಬಿ12 ಮಟ್ಟವನ್ನು ವೈದ್ಯರಲ್ಲಿ ಕೇಳಿ ಪರೀಕ್ಷಿಸಿಕೊಳ್ಳಲೇಬೇಕು. ಇತ್ತ ಸಾಮಾನ್ಯವಾಗಿ ವಾರಕ್ಕೊಂದರಂತೆ ಕೆಲವೇ ವಾರ ಕೊಡುವ 60,000 ಯೂನಿಟ್ಟಿನ ವಿಟಮಿನ್ ಡಿಯನ್ನು ಶಕ್ತಿ ಬರಲೆಂದು ತಿಂಗಳುಗಟ್ಟಲೆ ದಿನವೂ ನುಂಗಿದರೆ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೇ ಅಪಾಯ.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಹೃದಯದ ವಿಚಾರ. ಶಿಶ್ನದ ರಕ್ತನಾಳಗಳು ಹೃದಯದ ರಕ್ತನಾಳಗಳಿಗಿಂತ ಕಿರಿದಾದ್ದರಿಂದ, ಕೊಬ್ಬು ಕಟ್ಟಿಕೊಂಡಾಗ ತೊಂದರೆ ಮೊದಲು ಅಲ್ಲಿ ತೋರಬಹುದು. ಎದೆನೋವು ಬರುವುದು ಎಷ್ಟೋ ವೇಳೆ ವರ್ಷಗಳ ನಂತರ. ಆ ಮುನ್ಸೂಚನೆಯನ್ನು ವಿಟಮಿನ್ ಕೊರತೆಯೆಂದು ತಳ್ಳಿಹಾಕಿದವರು ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆಯ ಅವಕಾಶವನ್ನೇ ಕಳೆದುಕೊಳ್ಳುತ್ತಾರೆ.

ಲೈಂಗಿಕ ಸಾಮರ್ಥ್ಯ ಹೆಚ್ಚಿಸುವುದಾಗಿ ಔಷಧಗಳ ಜಾಹೀರಾತು ನೀಡುವುದನ್ನು 1954ರ ಕಾಯ್ದೆ ನಿಷೇಧಿಸಿದೆ. ಹೀಗಿದ್ದೂ ಗೋಡೆಗಳಲ್ಲಿ, ಮೊಬೈಲ್‌ಗಳಲ್ಲಿ ಅಂಥ ಜಾಹೀರಾತು ರಾಜಾರೋಷವಾಗಿ ಕಾಣುತ್ತಿದೆ. ಹಾಸನ, ಚಿಕ್ಕಮಗಳೂರು ಜಿಲ್ಲಾಡಳಿತಗಳು ಇವನ್ನು ತೆಗೆಸಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಬಿಪಿ, ಶುಗರ್ ತಪಾಸಣೆಗೆ ಬರುವ ಗಂಡಸರನ್ನು ಈ ತೊಂದರೆಯ ಬಗ್ಗೆಯೂ ವೈದ್ಯರೇ ಮುಂದಾಗಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ವಿಚಾರಿಸುವ ವ್ಯವಸ್ಥೆಯಾಗಬೇಕು.

– ನಿವೃತ್ತ ಫಾರ್ಮಸಿ ಅಧಿಕಾರಿ, ಸಕಲೇಶಪುರ